ಒಲೆಯ ಮುಂದೆ ಸಿಕ್ಕ ಅಳಿಯ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಎರಕದ ಕೆಲಸಕ್ಕಿದ್ದ ಭೂತಪ್ಪ ಭಾನುವಾರ ಬಂತೆಂದರೆ ಒಲೆ ಬಿಟ್ಟು ಏಳುತ್ತಿರಲಿಲ್ಲ. ವಾರವೆಲ್ಲ ಕಾದ ಕಬ್ಬಿಣದೆದುರು ಬೇಯುವವನು ರಜೆಯ ದಿನವಾದರೂ ತಣ್ಣಗೆ ಕೂರಬಾರದೇ ಎಂದು ಕೆಲಸಗಾರರ ಲೈನ್ ಮನೆಗಳ ಜನ ನಗುತ್ತಿದ್ದರು. "ಆ ಬೆಂಕಿ ಸರ್ಕಾರದ್ದು ಮಾರಾಯ, ಈ ಬೆಂಕಿ ನಂದು" ಎಂದು ಅವನು ಊದುಗೊಳವೆ ಎತ್ತಿಕೊಳ್ಳುತ್ತಿದ್ದ.

ಅವನ ಊರು ಮಲವಗೊಪ್ಪ. ಅಪ್ಪ ಚಿಕ್ಕ ವಯಸ್ಸಿಗೇ ತೀರಿಕೊಂಡಿದ್ದ. ಅವ್ವ ಈಶ್ವರಮ್ಮ ಬೇರೆಯವರ ಗದ್ದೆಗೆ ಕೂಲಿಗೆ ಹೋಗುತ್ತಿದ್ದಳು. ಹೊತ್ತು ಮುಳುಗುವಾಗ ಸೊಂಟ ಹಿಡಿದುಕೊಂಡು ಮನೆಗೆ ಬರುವವಳಿಗೆ ಬಿಸಿಯಾಗಿ ಏನಾದರೂ ಇರಲಿ ಎಂದು ಹಿರಿಮಗ ಭೂತಪ್ಪ ಒಲೆ ಹಚ್ಚಲು ಕಲಿತ. ಮೊದಮೊದಲು ಸೀಯಿಸಿದ, ಉಪ್ಪು ಸುರಿದ. ಅವ್ವ ಬೈಯಲಿಲ್ಲ, ಪಕ್ಕ ಕೂತು ತಿದ್ದಿದಳು. ಒಂದು ಸಂಜೆ ಅವಳು ತಟ್ಟೆ ಬಳಿದು ಬಳಿದು ಉಂಡು, "ನನಗಿಂತ ಚೆನ್ನಾಗಿ ಮಾಡಿದೀಯ ಕಣೋ" ಎಂದಳು. ಆವತ್ತು ಎದೆಯಲ್ಲಿ ಎದ್ದ ಹೆಮ್ಮೆ ಅವನಿಗೆ ಮತ್ತೆಂದೂ ಇಳಿಯಲಿಲ್ಲ.

ಲೈನ್ ಮನೆಯಲ್ಲಿ ಅವನ ಜೊತೆ ಇಬ್ಬರು ಗೆಳೆಯರಿದ್ದರು. ಒಬ್ಬ ಮುರುಗೇಶಪ್ಪ. ಶಿವಮೊಗ್ಗ ಪೇಟೆಯವನು, ಮಾತಿನ ಮಲ್ಲ. ಆ ಲೈನಿನಲ್ಲೆಲ್ಲ ಹೊಲಿಸಿದ ಕೋಟು ಇದ್ದದ್ದು ಅವನೊಬ್ಬನಿಗೇ. ಇನ್ನೊಬ್ಬ ಪೆರುಮಾಳು, ಸೇಲಂ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವನು. ಬಂದ ಹೊಸದರಲ್ಲಿ ಅವನಿಗೆ ಬಂದ ಕನ್ನಡ ಎಂದರೆ "ಇನ್ನೂ ಸ್ವಲ್ಪ ಹಾಕು" ಎನ್ನುವುದಷ್ಟೇ. ಅದನ್ನು ಕಲಿಸಿದ್ದೂ ಭೂತಪ್ಪನ ಸಾರೇ.

ಅದು ಪುಷ್ಯಮಾಸ, ಅವರೆಕಾಯಿ ಸೊಗಡು ಕಟ್ಟಿದ್ದ ಕಾಲ. ಹಿಂದಿನ ದಿನ ಬಿಡಿಸಿ ನೆನೆಹಾಕಿದ್ದ ಕಾಳನ್ನು ಮೂವರೂ ಬೆಳಿಗ್ಗೆ ಹಿತ್ತಲಲ್ಲಿ ಕೂತು ಹಿಸುಕತೊಡಗಿದರು. ಪೆರುಮಾಳು ಹಿಸುಕಿದ ಬೇಳೆ ಪಾತ್ರೆಗೆ ಬೀಳುವ ಬದಲು ಚಿಮ್ಮಿ ಮುರುಗೇಶಪ್ಪನ ಮೂಗಿಗೆ ತಾಗುತ್ತಿತ್ತು. ನಕ್ಕು ನಕ್ಕು ಕೆಲಸ ಮುಗಿಯುವ ಹೊತ್ತಿಗೆ ಬಿಸಿಲೇರಿತ್ತು. ಭೂತಪ್ಪ ಅಕ್ಕಿತರಿ ಬೇಯಿಸಿ, ನಾದಿ, ಉಂಡೆ ಕಟ್ಟಿ ಕಡುಬನ್ನು ಹಬೆಗೆ ಇಟ್ಟ. ಸೊಂಟಕ್ಕೆ ಹಳೇ ಪಂಚೆ ಸುತ್ತಿಕೊಂಡು ಒರಳಿನ ಮುಂದೆ ಕೂತು ಕಾಯಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು ರುಬ್ಬಿದ. ಮಸಾಲೆ ಸಾರಿಗೆ ಬಿದ್ದು ಕುದಿ ಬಂದಾಗ ಆಚೆಮನೆಯವರು ಕಿಟಕಿಯಿಂದಲೇ, "ಭೂತಪ್ಪಾ, ನಮಗೂ ಒಂದು ಬಟ್ಲು!" ಎಂದು ಕೂಗಿದರು.

ಅಷ್ಟರಲ್ಲಿ ಮನೆಯೆದುರು ಎತ್ತಿನ ಗೆಜ್ಜೆ ಸದ್ದು. ಕಮಾನುಗಾಡಿಯಿಂದ ರುಮಾಲು ಸುತ್ತಿದ ದಪ್ಪ ಮೀಸೆಯ ಯಜಮಾನರೊಬ್ಬರು ಇಳಿದರು. ಹಿಂದೆಯೇ ಬಿಳಿಗೂದಲ ಹೆಂಗಸೊಬ್ಬರು. ಯಜಮಾನರು ಬಾಗಿಲಲ್ಲಿ ನಿಂತು, ಕೈಯೆಲ್ಲ ಮಸಾಲೆಯಾಗಿದ್ದ ಭೂತಪ್ಪನನ್ನು ನೋಡಿ ಕೇಳಿದರು:

"ಏನಯ್ಯ ಅಡುಗೆಯವನೇ, ಭೂತಪ್ಪನವರ ಮನೆ ಇದೇನಾ? ಮಾಚೇನಹಳ್ಳಿ ಕರಿಯಣ್ಣ ಬಂದಿದಾರೆ ಅಂತ ಹೇಳು."

ಭೂತಪ್ಪ ಗಡಬಡಿಸಿ ಕೈಯನ್ನು ಸೊಂಟದ ಪಂಚೆಗೆ ಒರೆಸಿಕೊಂಡ. ಅವ್ವ ತನಗೆ ನೋಡುತ್ತಿದ್ದ ಹೆಣ್ಣು ಪುಟ್ಟಲಕ್ಷ್ಮಿಯ ಅಪ್ಪ ಇವರು! ಆ ಹುಡುಗಿಯನ್ನು ಅವನು ನೆಂಟರ ಮದುವೆಯೊಂದರಲ್ಲಿ ನೋಡಿದ್ದ. ಪಂಕ್ತಿಯಲ್ಲಿ ಬಡಿಸುತ್ತಾ ಮುದುಕರೊಬ್ಬರ ಎಲೆಯ ಬಳಿ ಬಗ್ಗಿ, "ತಾತ, ಇದು ಮೆತ್ತಗಿದೆ, ಇದನ್ನ ತಿನ್ನಿ" ಎಂದು ಹೋಳಿಗೆಯ ಅಂಚು ಮುರಿದು ಕೊಟ್ಟಿದ್ದಳು. ಆವತ್ತಿನಿಂದ ಅವಳೇ ಆಗಬೇಕೆಂದು ಅವನ ಮನಸ್ಸು. ಹೆಣ್ಣಿನ ಕಡೆಯವರು ಸಂಕ್ರಾಂತಿ ಹಬ್ಬ ಕಳೆದ ಮೇಲೆ ಬರುತ್ತೇವೆ ಎಂದು ಹೇಳಿ ಕಳಿಸಿದ್ದರು. ಹೇಳದೆ ಹೋಗಿ ಹುಡುಗ ಹೇಗಿದ್ದಾನೋ ಹಾಗೇ ನೋಡಬೇಕೆಂದು ಹಟ ಹಿಡಿದವರು ಜೊತೆಗೆ ಬಂದಿದ್ದ ಕರಿಯಣ್ಣನ ಅಕ್ಕ ಚಿನ್ನಮ್ಮ, ತಾಯಿಯಿಲ್ಲದ ಪುಟ್ಟಲಕ್ಷ್ಮಿಯನ್ನು ಸಾಕಿದವರು. ಇದೆಲ್ಲ ಅವನಿಗೆ ಗೊತ್ತಾದದ್ದು ಆಮೇಲೆ.

ಅವನು ಬಾಯಿ ತೆರೆಯುವ ಮೊದಲೇ ಮುರುಗೇಶಪ್ಪ ಮುಂದೆ ಬಂದ.

"ಬನ್ನಿ ಯಜಮಾನ್ರೆ, ಬನ್ನಿ! ಭೂತಪ್ಪ ಪೇಟೆ ಕಡೆ ಹೋಗಿದಾನೆ, ಈಗ ಬಂದುಬಿಡ್ತಾನೆ. ಕೂತ್ಕೊಳಿ."

ಚಾಪೆ ಹಾಸಿ ಕೂರಿಸಿ, ಒಳಗೆ ಬಂದು ಭೂತಪ್ಪನ ತೋಳು ಹಿಡಿದ. "ಹಿತ್ಲಲ್ಲಿ ಕೈ ತೊಳ್ಕೊ. ಹೊಗೇಲಿ ಅವರಿಗೆ ನಿನ್ನ ಮುಖ ಸರಿಯಾಗಿ ಕಂಡಿಲ್ಲ. ನನ್ನ ಕೋಟು ಹಾಕ್ಕೊಂಡು ಸುತ್ತಿ ಮುಂದಿನ ಬಾಗಿಲಿಂದ ಬಾ. ಆ ತರೀಕೆರೆ ಸಂಬಂಧ ಯಾಕೆ ಮುರೀತು, ಮರೆತುಬಿಟ್ಯಾ?"

ಮರೆತಿರಲಿಲ್ಲ. ಹುಡುಗ ಹೆಂಗಸರ ಹಾಗೆ ಒಲೆ ಮುಂದೆ ಕೂರುತ್ತಾನೆ ಎಂದು ಯಾರೋ ಹೇಳಿದ್ದಕ್ಕೆ ಅವರು ವೀಳ್ಯ ಹಿಂದಕ್ಕೆ ಕಳಿಸಿದ್ದರು. ಅವ್ವ ಅದನ್ನು ಕೇಳಿ ಆವತ್ತು ಉಣ್ಣದೆ ಮಲಗಿದ್ದಳು. ಭೂತಪ್ಪ ಕೈ ತೊಳೆದ. ಕೋಟಿನ ಒಂದು ತೋಳು ಹಾಕಿಯೂ ಆಯಿತು. ಆಗ ಹಬೆಯ ಪಾತ್ರೆಯಿಂದ ಬೆಂದ ಅಕ್ಕಿಯ ವಾಸನೆ ಬಂತು. ಇನ್ನು ಬಿಟ್ಟರೆ ಕಡುಬು ನೀರೊಡೆಯುತ್ತದೆ. ಹೊರಗೆ ಇಬ್ಬರು ಗಾಡಿಯಲ್ಲಿ ಮೈ ಕುಲುಕಿಸಿಕೊಂಡು ಹಸಿದು ಬಂದಿದ್ದಾರೆ.

ಅವನು ಕೋಟು ಬಿಚ್ಚಿ ಗೆಳೆಯನ ಹೆಗಲ ಮೇಲೆ ಹಾಕಿದ. "ಮೊದ್ಲು ಊಟ" ಎಂದು ಹೇಳಿ ಎಲೆ ಹಾಕಿದ.

ಕರಿಯಣ್ಣ ಬಿಸಿ ಕಡುಬು ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟರು. ಕಣ್ಣು ತಾವಾಗಿ ಮುಚ್ಚಿದವು. ಎರಡನೆಯ ಕಡುಬು, ಮೂರನೆಯದು. ಪೆರುಮಾಳು ತುಪ್ಪ ಹಾಕಿದ. ಮೀಸೆ ಒರೆಸಿಕೊಂಡು ಕರಿಯಣ್ಣ ಅಕ್ಕನ ಕಡೆ ತಿರುಗಿದರು.

"ನೋಡಿದ್ಯಾ ಅಕ್ಕ? ಹುಡುಗ ಗಟ್ಟಿ ಕುಳ. ಸಂಬಳ ಕೊಟ್ಟು ಇಂಥ ಅಡುಗೆಯವನನ್ನ ಇಟ್ಕೊಂಡಿದಾನೆ. ನಮ್ಮ ಪುಟ್ಟಲಕ್ಷ್ಮಿ ರಾಣಿ ಹಾಗಿರ್ತಾಳೆ!"

"ಅಲ್ವಾ ಮತ್ತೆ!" ಎಂದು ಮುರುಗೇಶಪ್ಪ ಹಿಗ್ಗಿದ. "ಭೂತಪ್ಪ ಅಂದ್ರೆ ಸಾಮಾನ್ಯದವನಲ್ಲ."

ಭೂತಪ್ಪ ಸೌಟು ಹಿಡಿದು ನಿಂತಿದ್ದ. ಈಗ ಸುಮ್ಮನಿದ್ದರೆ ಹೆಣ್ಣು ಸಿಗುತ್ತದೆ. ಆದರೆ ಹೊಗಳಿಕೆ ಬಂದದ್ದು ತನ್ನ ಕೈಯಡುಗೆಗೆ. ಅದನ್ನು ಇಲ್ಲದ ಯಾವನೋ ಆಳಿಗೆ ದಾನ ಮಾಡಿ ತಾನು ಕೋಟಿನೊಳಗೆ ಅಡಗಿ ನಿಲ್ಲುವುದೇ? ಅವ್ವ ತಿದ್ದಿದ ಕೈ ಇದು.

"ಸಂಬಳಕ್ಕಿರೋ ಅಡುಗೆಯವನು ಯಾರೂ ಇಲ್ಲ ಯಜಮಾನ್ರೆ" ಎಂದ. "ಭೂತಪ್ಪ ಅಂದ್ರೆ ನಾನೇ. ಇದೆಲ್ಲ ಮಾಡಿದ್ದೂ ನಾನೇ."

ಕರಿಯಣ್ಣನ ಕೈ ಎಲೆಯ ಮೇಲೆ ನಿಂತುಬಿಟ್ಟಿತು. ಮುಖ ಕೆಂಪಾಯಿತು. "ಹಾಗಾದ್ರೆ ಇವನು ಹೇಳಿದ್ದು?"

"ಸುಳ್ಳು ಹೇಳಿದ್ದು ನಾನು, ಬೈಯೋದಿದ್ರೆ ನನ್ನ ಬೈಯಿರಿ" ಎಂದು ಮುರುಗೇಶಪ್ಪ ತಲೆ ತಗ್ಗಿಸಿದ.

"ಗಂಡಸಾಗಿ ಒಲೆ ಊದ್ತಾ ಕೂತ್ರೆ ನಾಲ್ಕು ಜನ ಏನಂತಾರಯ್ಯ?"

ಪೆರುಮಾಳು ತುಪ್ಪದ ಗಿಂಡಿ ಕೆಳಗಿಟ್ಟು ತನ್ನ ಮುರುಕು ಕನ್ನಡದಲ್ಲಿ ಮಾತಾಡಿದ. "ಸಾಮೀ, ನಾನು ಬಂದಾಗ ಜ್ವರ. ಇಲ್ಲಿ ನನಗೆ ಅಮ್ಮ ಇಲ್ಲೆ, ಅಕ್ಕ ಇಲ್ಲೆ. ಇವರು ಗಂಜಿ ಮಾಡಿ ಕುಡಿಸಿದ್ರು. ಅದಕ್ಕೇ ಬದುಕಿದೀನಿ. ನಾಲ್ಕು ಜನ ಅಂದ್ರೆ ನಾನೂ ಒಬ್ಬ ಸಾಮೀ. ನಾನು ಒಳ್ಳೇದೇ ಅಂತೀನಿ."

ಇಷ್ಟು ಹೊತ್ತೂ ತಲೆ ಬಗ್ಗಿಸಿ ಉಣ್ಣುತ್ತಿದ್ದ ಚಿನ್ನಮ್ಮ ಎಲೆ ಮುಂದಕ್ಕೆ ಸರಿಸಿದರು.

"ನಂಗಿನ್ನೊಂದು ಕಡುಬು ಹಾಕು ಮಗಾ. ಸಾರೂ ಬಿಡು." ಅವನು ಬಡಿಸುವಾಗ ಮುಖವನ್ನೇ ನೋಡುತ್ತಾ ಕೇಳಿದರು, "ನಮ್ಮ ಹುಡುಗಿ ಬಂದ್ಮೇಲೂ ಹೀಗೇನಾ, ಒಲೆ ಬಿಡಲ್ವಾ?"

"ಅವರು ಮಾಡಿದ್ದು ಸಂತೋಷವಾಗಿ ಉಣ್ತೀನಿ ಅಮ್ಮ. ಭಾನುವಾರ ಮಾತ್ರ ಬಿಟ್ಕೊಡಲ್ಲ."

ಚಿನ್ನಮ್ಮ ನಗುವುದನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಕರಿಯಣ್ಣ ನಗಲಿಲ್ಲ. ಆದರೆ ಎಲೆಯಲ್ಲಿದ್ದುದನ್ನು ಬಿಡಲೂ ಇಲ್ಲ. ಸಾರು ಬಳಿದು ಮುಗಿಸಿ ಕೈ ತೊಳೆದು, "ಹೇಳಿ ಕಳಿಸ್ತೀವಿ" ಎಂದಷ್ಟೇ ಹೇಳಿ ಗಾಡಿ ಹತ್ತಿದರು.

ಆ ವಾರ ಕಾರ್ಖಾನೆಯಲ್ಲಿ ಭೂತಪ್ಪನಿಗೆ ಕೆಲಸದ ಮೇಲೆ ಗಮನ ನಿಲ್ಲಲಿಲ್ಲ. ಮುರುಗೇಶಪ್ಪ ಎದುರಿಗೆ ಬರಲು ಹೆದರಿದ. ನಿಜ ಹೇಳಿದ್ದಕ್ಕೆ ಪಶ್ಚಾತ್ತಾಪವಾಗಿದೆಯೇ ಎಂದು ಭೂತಪ್ಪ ತನ್ನನ್ನೇ ಕೇಳಿಕೊಂಡ. ದುಃಖವಿತ್ತು, ಪಶ್ಚಾತ್ತಾಪವಿರಲಿಲ್ಲ.

ಶನಿವಾರ ಅವ್ವ ಮಲವಗೊಪ್ಪದಿಂದ ಬಂದಳು. ಬಿಸಿಲಲ್ಲಿ ಬಂದವಳ ಮುಖ ಅರಳಿತ್ತು. ಕರಿಯಣ್ಣ ದಾರಿಯುದ್ದಕ್ಕೂ ಬೇಡ ಬೇಡ ಎಂದೇ ಹೇಳಿಕೊಂಡು ಹೋದರಂತೆ. ಮನೆಯಲ್ಲಿ ಚಿನ್ನಮ್ಮ ನಡೆದದ್ದನ್ನೆಲ್ಲ ಹೇಳಿದಾಗ ಪುಟ್ಟಲಕ್ಷ್ಮಿ ಪೂರ್ತಿ ಕೇಳಿಸಿಕೊಂಡು, "ಸುಳ್ಳು ಹೇಳಿ ತಪ್ಪಿಸ್ಕೋಬಹುದಿತ್ತು, ಹೇಳಲಿಲ್ವಲ್ಲ ಅವರು. ನಂಗೆ ಒಪ್ಪಿಗೆ" ಎಂದಳಂತೆ. ಆಮೇಲೆ ಮೆಲ್ಲಗೆ ಸೇರಿಸಿದಳಂತೆ: "ವಾರಕ್ಕೊಂದಿನ ನಂಗೂ ರಜಾ ಸಿಗುತ್ತೆ."

ಅಕ್ಕ, ಮಗಳು ಇಬ್ಬರೂ ಪಟ್ಟು ಹಿಡಿದ ಮೇಲೆ ಕರಿಯಣ್ಣನೂ ಒಪ್ಪಿ, ವೈಶಾಖದಲ್ಲಿ ಮದುವೆಯಾಯಿತು. ಪುಟ್ಟಲಕ್ಷ್ಮಿ ಬಂದ ಮೇಲೆ ಲೈನ್ ಮನೆಯ ಊಟದ ಪಂಕ್ತಿ ಇನ್ನೂ ಉದ್ದವಾಯಿತೇ ಹೊರತು ಗಿಡ್ಡವಾಗಲಿಲ್ಲ. ಅವಳ ಕೈಯ ಉಪ್ಪಿನಕಾಯಿ ಭೂತಪ್ಪನಿಗೂ ಬರದ ವಿದ್ಯೆ. ಅದನ್ನು ಅವನು ಕಾರ್ಖಾನೆಯಲ್ಲೆಲ್ಲ ಹೇಳಿಕೊಂಡು ತಿರುಗಿದ.

ದೀಪಾವಳಿಗೆ ಹೊಸ ಅಳಿಯನನ್ನು ಮಾಚೇನಹಳ್ಳಿಗೆ ಕರೆಸಿದರು. ಎಣ್ಣೆನೀರು ಮುಗಿದು ಹೊಸ ಪಂಚೆ ಉಟ್ಟು ಹೊರಗೆ ಬಂದರೆ ಜಗಲಿ ತುಂಬ ಜನ. ಕರಿಯಣ್ಣನ ಜೊತೆಗಾರರು, ಅಕ್ಕಪಕ್ಕದ ಹೊಲದವರು. ಕರಿಯಣ್ಣ ಕೆಮ್ಮಿ, ರುಮಾಲು ಸರಿಮಾಡಿಕೊಂಡು ಅಳಿಯನ ಹತ್ತಿರ ಬಂದರು.

"ಅಳಿಯಂದಿರೇ, ನೀವು ಎಂಥಾ ಅಡುಗೆ ಮಾಡ್ತೀರಿ ಅಂದ್ರೆ ಇವರ್ಯಾರೂ ನಂಬ್ತಿಲ್ಲ. ಹಿತ್ಲಲ್ಲಿ ಒಳ್ಳೇ ಬದನೆಕಾಯಿ ಬಿಟ್ಟಿದೆ. ಎಣ್ಣೆಗಾಯಿ ಒಂದು..."

"ಅಪ್ಪಾ!" ಒಳಗಿಂದ ಪುಟ್ಟಲಕ್ಷ್ಮಿ ಕೂಗಿದಳು. "ಹಬ್ಬಕ್ಕೆ ಕರೆಸಿ ಅವರ ಕೈಲೇ ಅಡುಗೆ ಮಾಡಿಸ್ತೀರಾ?"

ಭೂತಪ್ಪ ಆಗಲೇ ಹೊಸ ಪಂಚೆಯನ್ನು ಮೊಣಕಾಲ ಮೇಲೆ ಎತ್ತಿ ಕಟ್ಟಿದ್ದ. ಚಿನ್ನಮ್ಮ ಎಳ್ಳು ಹುರಿದು ಕೊಟ್ಟರು. ಪುಟ್ಟಲಕ್ಷ್ಮಿ ಬೈಯುತ್ತಲೇ ಕಾಯಿ ತುರಿದಳು. ಊಟಕ್ಕೆ ಕೂತವರು ಮೊದಲು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ, ಎಲೆ ಮಾತ್ರ ನೋಡಿದರು. "ಉಣ್ಣಿ ಉಣ್ಣಿ, ನಮ್ಮ ಅಳಿಯ ಮಾಡಿದ್ದು" ಎಂದು ಕರಿಯಣ್ಣ ಪಂಕ್ತಿಯ ಆ ತುದಿಯಿಂದ ಈ ತುದಿಗೆ ಓಡಾಡಿದರು. ಹೇಳಿದವರಿಗೇ ಮತ್ತೆ ಹೇಳಿದರು.

ಎಲ್ಲರದೂ ಮುಗಿದ ಮೇಲೆ ಭೂತಪ್ಪ ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದ. ಕರಿಯಣ್ಣ ಅವನ ಭುಜ ಅದುಮಿ ಎಲೆಯ ಮುಂದೆ ಕೂರಿಸಿದರು. ಹುಟ್ಟಿದಾರಭ್ಯ ಸೌಟು ಹಿಡಿದವರಲ್ಲ ಅವರು; ಅನ್ನ ಎಲೆಯಾಚೆ ಚೆಲ್ಲಿತು, ತುಪ್ಪ ಅಳಿಯನ ಪಂಚೆಯ ಮೇಲೆ ಬಿತ್ತು. ಭೂತಪ್ಪ ಏಳಲು ಹೋದ.

"ಸುಮ್ನೆ ಕೂತ್ಕೊಳಿ" ಎಂದು ಅಳಿಯನನ್ನು ಗದರಿಸಿದರು. "ಇವತ್ತು ನಿಮಗೆ ನಾನೇ ಬಡಿಸೋದು."