ಫಟಫಟಿಗೆ ಕೀಲೆಣ್ಣಿ

ಬಂಡಿ ದೂರದ ಊರಿಗೆ ಹೊಂಟ್ರ ನೀವು ಮೊದಲು ಏನು ಮಾಡ್ತೀರಿ? ಗಾಲಿ ಬಿಚ್ಚಿ ಅಚ್ಚಿಗೆ ಕೀಲೆಣ್ಣಿ ಹಾಕ್ತೀರಿ, ಹೌದಿಲ್ಲೋ? ಮಸ್ಕಿಯ ವೀರಭದ್ರಮ್ಮನ ಮನಿಯಾಗಂತೂ ಅದು ಒಂದ್ಸಲಾನೂ ತಪ್ಪಿದ್ದಿಲ್ಲ. ಹರಳೆಣ್ಣಿಗೆ ಸುಟ್ಟ ಹುಲ್ಲಿನ ಮಸಿ ಕಲಿಸಿ ಆಕಿ ತನ್ನ ಕೈಯಾರೆ ಹಾಕ್ತಿದ್ಲು.

ಆಕಿ ಹಿರೇ ಮಗ ಕರಿಬಸಪ್ಪ ಮಿಲಿಟ್ರಿಯವರು ಮಾರಿದ ಒಂದು ಹಳೇ ಫಟಫಟಿ, ಅಂದ್ರ ಮೋಟಾರ್ ಸೈಕಲ್ಲು, ಕೊಂಡಿದ್ದ. "ಮಸ್ಕಿಯಿಂದ ಹೈದರಾಬಾದಿಗೆ ಒಂದ ದಿನದಾಗ ಮುಟ್ಟಿ ತೋರಸ್ತೀನಿ" ಅಂತ ಬಜಾರದ ತುಂಬ ಹೇಳ್ಕೊಂಡು, 1953ರ ಒಂದು ನಸುಕಿನ್ಯಾಗ ಹೊಂಟ. ಸಿಂಧನೂರು ಸಹಿತ ಮುಟ್ಟಲಿಲ್ಲ. ಗೊರೇಬಾಳದ ಹತ್ರ ಹಳ್ಳದ ಇಳುಕಲದಾಗ ಗಾಡಿ ನಿಲ್ಲಲಿಲ್ಲ. ಎದುರಿಗೆ ಜ್ವಾಳದ ಬಂಡಿ. ನೊಗ ಎದಿಗೆ ಬಡಿದು ಅಲ್ಲೇ ಹ್ವಾದ. ಇಪ್ಪತ್ತಾರು ವರ್ಷದ ಹುಡುಗ!

ಮಂದಿ ಕಣ್ಣು ಬಿತ್ತು ಅಂದ್ರು ಊರವರು. ವೀರಭದ್ರಮ್ಮನೂ ಹಂಗ ತಿಳಕೊಂಡ್ಲು. ಮತ್ತೇನು ತಿಳಕೊಂಡಾಳು, ಪಾಪ.

ವರ್ಷ ತುಂಬಿತ್ತೋ ಇಲ್ಲೋ, ಸಣ್ಣ ಮಗ ಅಮರಗುಂಡಪ್ಪ ಅದೇ ಫಟಫಟಿ ಹೊರಗ ಎಳೆದ.

"ಅಣ್ಣ ಅರ್ಧಕ್ಕ ಬಿಟ್ಟ ದಾರಿ ನಾ ಮುಗಸ್ತೀನಿ, ಯವ್ವಾ."

ಆಕಿ ಅತ್ಲು, ಕಾಲು ಹಿಡಿದ್ಲು, ಎರಡು ದಿನ ಉಪವಾಸ ಬಿದ್ಲು. ಆ ಮೊಂಡ ಕೇಳಬೇಕಲ್ಲ! ಇದ್ದ ಒಬ್ಬ ಮಗನೂ ಕೈಬಿಟ್ಟು ಹೋದ್ರ ಗತಿಯೇನು ಅಂತ ಆಕಿಗೆ ಚಿಂತಿ ಹತ್ತಿತ್ತು. ಕಡೀಗೆ ಬ್ಯಾರೆ ದಾರಿ ಕಾಣದೆ ಕೀಲೆಣ್ಣಿ ಗಿಂಡಿ ತಗೊಂಡು ಫಟಫಟಿ ಮುಂದ ಕುಂತ್ಲು.

ಅಷ್ಟರಾಗ ಲಿಂಗಸುಗೂರಿನ ಮಿಸ್ತ್ರಿ ಪೀರ್‌ಸಾಬ್ ಬಂದ. ನಿಜಾಮನ ಫೌಜಿನಾಗ ಮೋಟಾರ್ ರಿಪೇರಿ ಮಾಡಿದಾಂವ. ಬಗ್ಗಿದ ಹ್ಯಾಂಡಲ್ ನೆಟ್ಟಗ ಮಾಡಾಕ ಅಮರಗುಂಡಪ್ಪ ಅಂವನ್ನ ಕರೆಸಿದ್ದ.

"ಯವ್ವಾರ, ನಿಲ್ರಿ! ಗಾಲ್ಯಾಗ ಏನು ಹಾಕಾಕತ್ತೀರಿ?"

"ಕೀಲೆಣ್ಣಿ, ಪೀರ್‌ಸಾಬ್. ಹೋದ ಸಲ ಕಡಿಮಿ ಆಗಿತ್ತೋ ಏನೋ. ಈ ಸಲ ಗಿಂಡಿ ತುಂಬ ಹಾಕ್ತೀನಿ."

"ಹೋದ ಸಲಾನೂ ಹಾಕಿದ್ರೇನ್ರಿ?"

"ಹಾಕದ ಕಳಸ್ತೀನೇನು? ಎರಡೂ ಗಾಲಿಗೆ ಹಾಕಿದ್ದೆ."

ಪೀರ್‌ಸಾಬನ ಮಾರಿ ಕಪ್ಪಿಟ್ಟಿತು. ಪಾನಾ ತಗೊಂಡು ಹಿಂದಿನ ಗಾಲಿ ಬಿಚ್ಚಿದ. ಒಳಗ ಕರೇ ಎಣ್ಣಿ ರಾಡಿ ಆಗಿ ಕುಂತಿತ್ತು.

"ಇದು ಬ್ರೇಕು, ತಮ್ಮಾ" ಅಂದ ಅಮರಗುಂಡಪ್ಪಗ. "ಈ ಪಟ್ಟಿ ಡ್ರಮ್ಮಿಗೆ ಒತ್ತಿದ್ರ ಗಾಲಿ ನಿಲ್ಲತೈತಿ. ಎಣ್ಣಿ ಹತ್ತಿತೋ, ಜಾರತೈತಿ. ಹಿಡಿಯಂಗಿಲ್ಲ."

"ಸುಳ್ಳು, ಕಾಕಾ! ಅಣ್ಣಗ ಮಂದಿ ಕಣ್ಣು ತಾಗಿತ್ತು. ಬಂಡಿಗೆ ಹಾಕೂದಿಲ್ಲೇನು ಎಣ್ಣಿ?"

"ಬಂಡಿ ನಿಲ್ಲಿಸಾಕ ಎತ್ತು ಅದಾವ. ಇದಕ್ಕ ಎತ್ತೆಲ್ಲಿ ಅದಾವಲೇ? ಕೈ ಹಚ್ಚಿ ನೋಡು."

ಅಮರಗುಂಡಪ್ಪ ಪಟ್ಟಿಗೆ ಬೆರಳು ಹಚ್ಚಿದ. ಜರ್ರಂತ ಜಾರಿತು. ಅಂವ ಅವ್ವನ ಕೈಯಾಗಿನ ಗಿಂಡಿ ಕಡೆ ನೋಡಿದ.

ವೀರಭದ್ರಮ್ಮ ಗಿಂಡಿ ಕೆಳಗಿಟ್ಲು. "ಹಂಗಾದ್ರ ಕರಿಬಸುನ್ನ ನಾನ..." ಅಂದ್ಲು.

ಪೀರ್‌ಸಾಬಗ ಸುಳ್ಳು ಹೇಳಾಕ ಆಗಲಿಲ್ಲ. "ನೀವು ತಿಳಿದು ಮಾಡಿಲ್ರೀ, ಯವ್ವಾ" ಅಂದ, ಅಷ್ಟ.

ಹೆತ್ತ ಕರುಳಿಗೆ ಇದಕ್ಕಿಂತ ದೊಡ್ಡ ಬೆಂಕಿ ಯಾವುದೈತ್ರಿ? ಆಕಿ ಕೈಯಾಗಿನ ಎಣ್ಣಿ ಸೆರಗಿಗೆ ಒರೆಸಿಕೊಂಡ್ಲು. ಆಮ್ಯಾಲೆ ಕೇಳಿದ್ಲು: "ಇಂವ ಜೀವಂತ ತಿರುಗಿ ಬರಬೇಕಂದ್ರ ಏನೇನು ಮಾಡಬೇಕು? ಎಲ್ಲಾ ನನ್ನ ಮುಂದ ಹೇಳು."

"ಈ ಪಟ್ಟಿ ಎಣ್ಣಿ ಕುಡಿದಾವ, ತೊಳೆದ್ರ ಹೋಗಂಗಿಲ್ಲ, ಹೊಸಾವು ಹಾಕ್ತೀನಿ. ಚೈನು, ಬ್ರೇಕಿನ ತಂತಿ ನೋಡ್ತೀನಿ. ಟೈರು ಸವೆದಾವ, ಅವನ್ನೂ ಬದಲಸಬೇಕು. ಒಂದು ಟ್ಯೂಬು, ಗಾಳಿ ಪಂಪು ಜೋಡಿ ಇರಲಿ. ಹೊಂಡೂ ಮುಂಚೆ ಮನಿ ಮುಂದ ಸಾವಕಾಶ ಓಡಿಸಿ ಎರಡೂ ಬ್ರೇಕು ಹಿಡಿದು ನೋಡಬೇಕು. ಮೂವತ್ತು ಮೈಲಿಗೊಮ್ಮೆ ಇಳೀಬೇಕು, ನೀರು ಕುಡೀಬೇಕು. ನಿದ್ದಿ ಬಂದ್ರ ಗಿಡದ ಕೆಳಗ ಮಲಗಬೇಕು, ಗಾಡಿ ಮ್ಯಾಲೆ ಅಲ್ಲ."

"ಒಂದ ದಿನದಾಗ ಮುಟ್ಟೂದು?" ಅಂದ ಅಮರಗುಂಡಪ್ಪ. ದನಿ ಸಣ್ಣಗಾಗಿತ್ತು.

"ಮುಟ್ಟೂದು ದೊಡ್ಡದೇನೋ? ತಿರುಗಿ ಬರೂದು ದೊಡ್ಡದು. ರಾಯಚೂರಾಗ ರಾತ್ರಿ ಮಲಗು."

"ಆತು ಕಾಕಾ. ಎರಡು ದಿನ ಆಗಲಿ."

ಎಂಟು ದಿನ ತಯಾರಿ ನಡೀತು. ಹೈದರಾಬಾದಿಗೆ ಹೋದ ಹುಡುಗ ಐದನೇ ದಿನ ಸಂಜಿಗೆ ತಿರುಗಿ ಬಂದ. ಊರವರು ಹಾರ ಹಾಕಿದ್ರು. ತಾಯಿ ಮಾತ್ರ ಅಂವನ ಎದಿ ಸವರಿ ಸವರಿ ಅತ್ಲು. ಒಬ್ಬ ಬಂದ, ಇನ್ನೊಬ್ಬನೂ ಹಿಂಗ ಬರಬೇಕಿತ್ತು.

ಅಂದಿನಿಂದ ಯಾರ ಮನಿಗೆ ಫಟಫಟಿ ಬಂದ್ರೂ ವೀರಭದ್ರಮ್ಮ ಅಲ್ಲಿಗೆ ನಡಕೋತ ಹೋಗ್ತಾಳ. ಮುದಗಲ್ಲಿಗೂ ಹೋಗಿ ಬಂದಾಳ. ಹೇಳೂದು ಒಂದ ಮಾತು: "ನನ್ನ ಮಗನ್ನ ನನ್ನ ಕೈ ಕೊಂದೈತಿ. ನಿಮ್ಮ ಕೈಗೆ ಆ ಪಾಪ ಬ್ಯಾಡ."

ಅವ್ವಗಳಿರಾ, ಅಪ್ಪಗಳಿರಾ, ಹುಡುಗ ದೂರ ಹೊಂಟ್ರ ಕಾಯಿ ಒಡೀರಿ, ಊದಿನಕಡ್ಡಿ ಹಚ್ಚರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಗಾಲ್ಯಾಗ ಎಣ್ಣಿ ಹನಿಸಬ್ಯಾಡ್ರಿ. ಬಲ್ಲ ಮಿಸ್ತ್ರಿಗೆ ಬಿಚ್ಚಿ ತೋರಸ್ರಿ. ಬ್ರೇಕು ಹಿಡಿಯದ ಗಾಡಿ ಹೊಸ್ತಿಲ ದಾಟಾಕ ಬಿಡಬ್ಯಾಡ್ರಿ. ಆ ತಾಯಿಗೆ ಇದನ್ನ ಮೊದಲು ಹೇಳಾವ್ರು ಯಾರೂ ಇರಲಿಲ್ಲ. ನಿಮಗ ನಾವು ಹೇಳೀವಿ.