ಮಾವಶಿಯ ಪಾಳಿ

“ಮಾವಶೀ, ಇದ್ರಾಗ ಸುಳ್ಳ ಅದ.”

ದೀಪಾಲಿ ತಾನು ವೇದಿಕೆಯ ಮೇಲೆ ಓದಬೇಕಾಗಿದ್ದ ಕಾಗದವನ್ನು ಶಿವಕಾಂತಾಳ ಮುಖದ ಹತ್ತಿರ ತಂದು ಹಿಡಿದಳು. ಮಹಾರಾಷ್ಟ್ರದ ಗಡಿಯ ಉಮರಗಾದ ಸಭಾಗೃಹದ ಹಿಂದಿನ ಪಡಸಾಲೆಯಲ್ಲಿ ತುರೋರಿ ಊರಿನ ಇಪ್ಪತ್ತೆರಡು ಮಕ್ಕಳು ಹೊಸ ಬಿಳಿ ಟೊಪ್ಪಿಗೆ ಹಾಕಿಕೊಂಡು ಸಾಲಾಗಿ ಕೂತಿದ್ದರು. ಒಂದೊಂದು ಟೊಪ್ಪಿಗೆಯ ಮೇಲೂ ಊರ ಮುಖಂಡ ನೀಲೇಶನ ಪ್ರತಿಷ್ಠಾನದ ಹೆಸರು ಕೆಂಪಗೆ ಅಚ್ಚಾಗಿತ್ತು. ಒಳಗೆ ಯಾರೋ ಮೈಕು ತಟ್ಟಿ ತಟ್ಟಿ ನೋಡುತ್ತಿದ್ದರು.

ಶಿವಕಾಂತಾ ಕಾಗದ ತೆಗೆದುಕೊಂಡಳು. ಅವಳು ಓದಿದ್ದು ನಾಲ್ಕನೇ ಇಯತ್ತೆಯವರೆಗೆ. ಆದರೂ ದಪ್ಪ ಮರಾಠಿ ಅಕ್ಷರಗಳನ್ನು ಬೆರಳಿಟ್ಟು ಕೂಡಿಸುತ್ತ ಹೋದಳು. ನಮ್ಮ ರವಿವಾರದ ಬೈಠಕನ್ನು ಸುರು ಮಾಡಿದವರು ನೀಲೇಶ ದಾದಾ. ಸತ್ಯ ಹೇಳುವುದನ್ನು ನಮಗೆ ಕಲಿಸಿದವರು ನೀಲೇಶ ದಾದಾ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಅವಳ ಕಿವಿ ಬಿಸಿಯಾಗಿತ್ತು.

ಊರ ಶಾಲೆಯಲ್ಲಿ ಮಧ್ಯಾಹ್ನದ ಖಿಚಡಿ ಬೇಯಿಸುವ ಕೆಲಸ ಅವಳದು, ಹನ್ನೊಂದು ವರ್ಷದಿಂದ. ಮಕ್ಕಳಿಗೆಲ್ಲ ಅವಳು ಮಾವಶಿ, ಅಂದರೆ ಚಿಕ್ಕಮ್ಮ. ಆರು ವರ್ಷದ ಹಿಂದೆ ಖಿಚಡಿಯ ಸಾಲಿನಲ್ಲಿ ಜಗಳ ಹತ್ತಿ ಒಬ್ಬ ಹುಡುಗ ಇನ್ನೊಬ್ಬನ ಹಣೆ ತಾಟಿನಿಂದ ಒಡೆದಿದ್ದ. ಮಾಸ್ತರರು ಇಬ್ಬರಿಗೂ ಛಡಿ ಏಟು ಕೊಟ್ಟು ಮುಗಿಸಿದರು; ಮರುದಿನ ಅದೇ ಜಗಳ ಮತ್ತೆ ಎದ್ದಿತು. ಆಗ ಶಿವಕಾಂತಾ ರವಿವಾರ ಎಲ್ಲರನ್ನೂ ಬೀರಪ್ಪನ ಗುಡಿಯ ಕಟ್ಟೆಗೆ ಕರೆದಳು. ತಪ್ಪು ಮಾಡಿದವರು ತಾವೇ ಎದ್ದು ಹೇಳಬೇಕು, ಇನ್ನೊಬ್ಬರ ಕಡೆಗೆ ಬೆರಳು ತೋರಿಸಬಾರದು, ಹೇಳಿದವರನ್ನು ನೋಡಿ ಯಾರೂ ನಗಬಾರದು, ಕೆಟ್ಟಿದ್ದನ್ನು ಸರಿಪಡಿಸುವುದು ಹೇಗೆಂದು ಎಲ್ಲರೂ ಕೂಡಿ ಗೊತ್ತುಮಾಡಬೇಕು. ಇಷ್ಟೇ ಅವಳು ಹೇಳಿದ್ದು. ವಾರಕ್ಕೊಬ್ಬರು ಮುಖ್ಯಸ್ಥರು. ಮೊದಮೊದಲು ಆರೇಳು ಮಕ್ಕಳು ಬಂದರು. ಆಮೇಲೆ ಕುರಿ ಕಾಯುವವರ ಮಕ್ಕಳು, ಹೊಲದವರ ಮಕ್ಕಳು, ಢಾಬಾದವರ ಮಕ್ಕಳು ಎಲ್ಲ ಸೇರಿದರು. ಹೋದ ದೀಪಾವಳಿಯ ಹೊತ್ತಿಗೆ ಹೆದ್ದಾರಿಯಲ್ಲಿ ಲಾರಿಯಿಂದ ಬಿದ್ದ ಕಾಗದಪತ್ರಗಳ ಚೀಲವೊಂದು ಈ ಮಕ್ಕಳಿಗೆ ಸಿಕ್ಕಿತು. ಡ್ರೈವರ್ ಹುಡುಕಿಕೊಂಡು ಬರುವವರೆಗೆ, ಬೆಳಿಗ್ಗೆಯಿಂದ ಸಂಜೆಯವರೆಗೆ, ಪಾಳಿಯ ಮೇಲೆ ಅದನ್ನು ಕಾದು ಕೂತಿದ್ದರು. ಪೇಪರಿನಲ್ಲಿ ಸುದ್ದಿ ಬಂತು. ಮಕ್ಕಳಲ್ಲಿ ಚಾರಿತ್ರ್ಯ ಬೆಳೆಸುವ ಊರ ಉಪಕ್ರಮಗಳಿಗೆ ವರ್ಷ ವರ್ಷ ಸನ್ಮಾನ ಮಾಡುವ ಉದಗೀರದ ಸಂಸ್ಥೆಯೊಂದು ಅದನ್ನು ಓದಿ ಅರ್ಜಿ ಕೇಳಿತು.

ಅರ್ಜಿ ಹಾಕಿದವನು ನೀಲೇಶ. ಬೈಠಕಿಗೆ ಅವನು ಬಂದದ್ದು ಒಂದೇ ಸಲ, ಫೋಟೋ ತೆಗೆಸಿಕೊಳ್ಳುವುದಕ್ಕೆ.

ಈಗ ಅವನೇ ಪಡಸಾಲೆಗೆ ಬಂದ. ಇಸ್ತ್ರಿ ಮಾಡಿದ ಖಾದಿ, ಎದೆಯ ಮೇಲೆ ರಿಬ್ಬನ್ನಿನ ಹೂವು.

“ಅಕ್ಕಾ, ಹುಡ್ಗಿ ತಯಾರ್ ಅದಾಳಲ್ಲ?”

“ಇದರಾಗ ಏನ್ ಬರ್ದೀರಿ ಸಾಹೇಬ? ಬೈಠಕ ನೀವ್ ಯಾವಾಗ ಸುರು ಮಾಡೀರಿ?”

ನೀಲೇಶ ನಕ್ಕ. “ನೋಂದಣಿ ಇದ್ದ ಸಂಸ್ಥಾದ ಹೆಸರ ಇರ್ಲಿಲ್ಲಂದ್ರ ಅವ್ರು ಅರ್ಜೀನೇ ತಗೋಳಲ್ಲ ಅಕ್ಕಾ. ನಿಮ್ಮ ಹೆಸರೂ ಹಾಕೀನಿ, ಅಡಗಿ ಮಾಡಾಕಿ ಅಂತ. ಸನ್ಮಾನ ಊರಿಗೇ ಬಂದಂಗ ಆಯ್ತಲ್ಲ?” ಎಂದವನು ದನಿ ತಗ್ಗಿಸಿದ. “ಜೂನ್‌ನಾಗ ನಿಮ್ಮ ಕೆಲಸದ ಕಾಗದ ನನ್ನ ಮುಂದೇ ಬರ್ತದ. ಸುಮ್ನೆ ಗದ್ದಲ ಯಾಕ?”

ಶಾಲಾ ಸಮಿತಿಯ ಅಧ್ಯಕ್ಷ ಅವನೇ. ಅವನ ಸಹಿ ಬಿದ್ದರೆ ಒಲೆ ಅವಳದು, ಬೀಳದಿದ್ದರೆ ಇನ್ನೊಬ್ಬರದು. ಅವನು ಒಳಗೆ ಹೋದ. ದೀಪಾಲಿ ಕಣ್ಣು ಮಿಟುಕಿಸದೆ ಮಾವಶಿಯನ್ನೇ ನೋಡುತ್ತ ನಿಂತಿದ್ದಳು.

“ಏನ್ ಮಾಡ್ಲಿ ಮಾವಶೀ?”

“ಓದವ್ವಾ,” ಅಂದಳು ಶಿವಕಾಂತಾ. “ಇದೊಂದ್ ಸಲ ಓದಿಬಿಡು.”

ದೀಪಾಲಿ ಓದಿದಳು. ತಡವರಿಸಲಿಲ್ಲ, ತಲೆ ಎತ್ತಲೂ ಇಲ್ಲ. ಚಪ್ಪಾಳೆ ಬಿತ್ತು. ಉದಗೀರದ ಸಂಸ್ಥೆಯ ಅಧ್ಯಕ್ಷೆ, ನಿವೃತ್ತ ಮುಖ್ಯೋಪಾಧ್ಯಾಯಿನಿ ವಿದ್ಯಾವತಿ ಬಾಯಿ ನೀಲೇಶನಿಗೆ ಶಾಲು ಹೊದಿಸಿ ಢಾಲು ಕೊಟ್ಟರು. ‘ಚಾರಿತ್ರ್ಯ ನಿರ್ಮಾಣ ಮತ್ತು ನೈತಿಕ ನೇತೃತ್ವ’ ಎಂದು ಹಿತ್ತಾಳೆಯಲ್ಲಿ ಕೊರೆದ, ಗುರಾಣಿಯ ಆಕಾರದ ಢಾಲು. ಅದನ್ನು ಎದೆಗವಚಿಕೊಂಡು ಅವನು ಪ್ರಾಮಾಣಿಕತೆಯ ಬಗ್ಗೆ ಅರ್ಧ ಗಂಟೆ ಮಾತಾಡಿದ. ಕೊನೆಯ ಸಾಲಿನಲ್ಲಿ ಕೂತ ಶಿವಕಾಂತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿದಳು, ಬೆರಳು ನೀಲಿಗಟ್ಟಿತು. ಮರಳುವಾಗ ಟೆಂಪೊದಲ್ಲಿ ಯಾವ ಮಗುವೂ ಹಾಡು ಹೇಳಲಿಲ್ಲ.

ಆ ವಾರವೆಲ್ಲ ಅವಳು ಕುದಿದಳು. ಗಿರಣಿಯಲ್ಲಿ ಹಿಟ್ಟು ಬೀಸಿಸುವಾಗ, ನಳದ ಹತ್ತಿರ ಕೊಡ ಇಡುವಾಗ, ಸಿಕ್ಕವರ ಮುಂದೆಲ್ಲ ಹೇಳಿದಳು. “ಕೂಸು ನಂದು, ತೊಟ್ಲಾ ತೂಗ್ಸಿಕೊಂಡಾಂವ ಅಂವಾ! ಪ್ರಾಮಾಣಿಕ ಇರ್ರಿ ಅಂತ ಭಾಷಣ ಬ್ಯಾರೆ. ನಾಲಿಗಿ ಹ್ಯಾಂಗ ಹೊಳ್ಳಿತೋ ಅಂವಂದು!” ಕೇಳಿದವರು ಹೌದು ಹೌದು ಎಂದು ಕೊಡ ಎತ್ತಿಕೊಂಡು ಹೋದರು. ಮನೆಯಲ್ಲಿ ಶ್ರೀಮಂತ ಎಂಬ ಹೆಸರಿನ ಅವಳ ಗಂಡ ಕುರಿಯ ಉಣ್ಣೆ ಕತ್ತರಿಸುತ್ತ ಎಲ್ಲವನ್ನೂ ಕೇಳಿ, “ಅಂಥಾವ್ರು ಹಂಗೇ ಇರ್ತಾರ ಬಿಡು,” ಅಂದ. ಆ ‘ಬಿಡು’ ಅವಳಿಗೆ ನೀಲೇಶನ ನಗುವಿಗಿಂತ ಹೆಚ್ಚು ಚುಚ್ಚಿತು.

ರವಿವಾರ ಬಂತು. ಶಿವಕಾಂತಾ ಕಟ್ಟೆಯ ಮೇಲೆ ಕೂತವಳೇ, “ಇವತ್ತ ಮೊದಲ ನೀಲೇಶ ಸಾಹೇಬಂದು ಮಾತಾಡೋಣು,” ಅಂದಳು.

ಆ ವಾರದ ಮುಖ್ಯಸ್ಥೆ ದೀಪಾಲಿ. “ಅವ್ರು ಬೈಠಕಿನ್ಯಾಗ ಇಲ್ಲ ಮಾವಶೀ,” ಅಂದಳು. “ಇಲ್ಲಿ ಕುಂತವ್ರದೇ ಮಾತಾಡ್ಬೇಕು.” ಆಮೇಲೆ ತಾನೇ ಎದ್ದು ನಿಂತು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. “ನಾ ಎಲ್ಲಾರ ಮುಂದ ಸುಳ್ಳ ಓದೀನಿ. ಸುಳ್ಳ ಅಂತ ಗೊತ್ತಿತ್ತು. ಒಲ್ಲೆ ಅನ್ಬೇಕಾಗಿತ್ತು, ಅನ್ಲಿಲ್ಲ.”

ಅಷ್ಟು ಹೇಳಿ ಕೂತಳು. ಓದು ಅಂದವರು ಯಾರೆಂದು ಹೇಳಲಿಲ್ಲ, ಹಾಗೆ ಹೇಳುವಂತಿರಲಿಲ್ಲ. ಯಾರೂ ಶಿವಕಾಂತಾಳ ಕಡೆ ನೋಡಲಿಲ್ಲ. ಎಲ್ಲರೂ ನೆಲ ನೋಡುತ್ತ ಕಾಯುತ್ತಿದ್ದರು.

ಅವಳಿಗೆ ಮೊದಲು ಬಂದದ್ದು ಸಿಟ್ಟು. ನಿನ್ನೆ ಮೊನ್ನೆ ಮೂಗು ಒರೆಸಿಕೊಳ್ಳಲು ಬಾರದವರು ನನ್ನನ್ನು ಕೂರಿಸಿ ಕೇಳುವಷ್ಟಾದರೆ! ಕದ್ದವನು ಶಾಲು ಹೊದ್ದು ತಿರುಗುತ್ತಿದ್ದಾನೆ, ಇಲ್ಲಿ ನನ್ನ ತಪ್ಪಿನ ಲೆಕ್ಕವೇ? ನಾಳೆ ಕೆಲಸ ಹೋದರೆ ಇವರು ಕೊಡಿಸುತ್ತಾರೆಯೇ? ವಾರವೆಲ್ಲ ಊರು ತುಂಬ ಕೂಗಾಡಿದರೂ ಪಡಸಾಲೆಯಲ್ಲಿ ತಾನು ಆಡಿದ ಒಂದು ಮಾತನ್ನು ಮಾತ್ರ ಯಾರ ಮುಂದೆಯೂ ಹೇಳಿರಲಿಲ್ಲವೆಂಬುದು ಆಗ ಅವಳಿಗೆ ಹೊಳೆಯಿತು. ಗಂಡನ ಮುಂದೆಯೂ ಹೇಳಿರಲಿಲ್ಲ.

ಮೊಣಕಾಲಿಗೆ ಕೈಯೂರಿ ಎದ್ದಳು. “ಓದು ಅಂದಾಕಿ ನಾ,” ಅಂದಳು. “ನನ್ನ ಕೆಲಸ ಹೋಗ್ತದಂತ ಅಂಜಿ ಆಕೀಗಿ ಸುಳ್ಳ ಹೇಳಸ್ದೆ. ಅಂವಾ ಮಾಡಿದ್ದು ಅಂವಂದು. ಇದು ನಂದು.”

ಯಾರೂ ನಗಲಿಲ್ಲ. ಮಕ್ಕಳು ಗುಸುಗುಸು ಮಾತಾಡಿಕೊಂಡರು. ವೀರಭದ್ರನೆಂಬ ಆರನೇ ಇಯತ್ತೆಯ ಹುಡುಗ ಎದ್ದು ತೀರ್ಮಾನ ಹೇಳಿದ. “ಯಾರ ಮುಂದ ಸುಳ್ಳ ಹೇಳೀವಿ, ಅವ್ರ ಮುಂದೇ ಹೋಗಿ ಖರೆ ಹೇಳ್ಬೇಕು.”

ಬುಧವಾರ ಶಿವಕಾಂತಾ, ದೀಪಾಲಿ ಇಬ್ಬರೂ ಉದಗೀರಕ್ಕೆ ಹೊರಟರು. ಮಗಳನ್ನು ಜೊತೆಗೆ ಕಳಿಸುವಾಗ ದೀಪಾಲಿಯ ತಾಯಿ ವಿಜಯಶ್ರೀ, “ಹೋಗಿ ಬರ್ಲಿ, ಆಕಿ ನಾಕ್ ದಿನದಿಂದ ಸರಿ ಉಂಡಿಲ್ಲ,” ಎಂದಷ್ಟೇ ಹೇಳಿದ್ದಳು. ಉಮರಗಾದಲ್ಲಿ ಬಸ್ಸು ಬದಲಿಸಿ, ನಿಲಂಗಾ ದಾಟಿ ಉದಗೀರ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ವಿದ್ಯಾವತಿಯವರು ಇಬ್ಬರನ್ನೂ ಕೂರಿಸಿ ಚಹಾ ಕೊಟ್ಟರು, ಪೂರ್ತಿ ಕೇಳಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಕೆಟ್ಟದ್ದಾಯ್ತು,” ಅಂದರು. “ಆದ್ರ ಕಾರ್ಯಕ್ರಮ ಮುಗದದ, ಪೇಪರಿನ್ಯಾಗ ಫೋಟೋ ಬಂದಾವ. ಈಗ ವಾಪಸ್ ತಗೊಂಡ್ರ ಸಂಸ್ಥಾದ ಹೆಸರ ಏನಾಗ್ತದ ನೀವೇ ಹೇಳ್ರಿ. ಮುಂದಿನ ವರ್ಷ ನಿಮ್ಮ ಹೆಸರಿಗೇ ಕೊಡೋಣು.”

“ಕೊಡ್ರಿ ಅಂತ ಯಾರ್ ಕೇಳ್ಯಾರ್ರಿ ಬಾಯಿ?” ಶಿವಕಾಂತಾಳ ದನಿ ಗೋಡೆಗೆ ಬಡಿಯಿತು. “ನಿಮ್ಮ ಢಾಲಿನ ಮ್ಯಾಲ ಏನ್ ಕೊರ್ಸೀರಿ? ಒಮ್ಮೆ ಈ ಹುಡ್ಗಿ ಮುಂದ ಓದಿ ಹೇಳ್ರಿ. ನಾ ಅಡಗಿ ಮಾಡಾಕಿ, ನನಗ ಅಷ್ಟ ಓದ್ಲಾಕ ಬರಲ್ಲ. ನೀವ್ ಓದ್ರಿ!”

ವಿದ್ಯಾವತಿಯವರು ಓದಲಿಲ್ಲ. ದೀಪಾಲಿ ಚೀಲದಿಂದ ವಹಿಯ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಸರಿಸಿದಳು. ಅವತ್ತು ಓದಿದ್ದು ಸುಳ್ಳೆಂದು, ಓದಿದ್ದು ತಾನು, ಓದಿಸಿದ್ದು ಮಾವಶಿ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಇಬ್ಬರ ಸಹಿ.

“ಇದು ಮುಟ್ಟಿತು ಅಂತ ಬರ್ದು ಕೊಡ್ರಿ ಮೇಡಂ,” ಅಂದಳು. “ಬೈಠಕಿನ್ಯಾಗ ಕೇಳ್ತಾರ.”

ಅವರು ಬೇರೆ ಕಾಗದದ ಮೇಲೆ ಬರೆದರು, ಸಹಿ ಮಾಡಿದರು. ಕೊಡುವಾಗ ಹುಡುಗಿಯ ಕಣ್ಣು ನೋಡಲಿಲ್ಲ.

ಉದಗೀರದಿಂದ ನೀಲೇಶನಿಗೆ ಒಂದು ಪತ್ರ ಬಂತೆಂದು ಊರಲ್ಲಿ ಮಾತಾಯಿತು. ಟೈಪ್ ಮಾಡುವಾಗ ಆದ ತಪ್ಪು ಎಂದು ಅವನು ಉತ್ತರ ಬರೆದನಂತೆ. ಢಾಲು ಅವನ ಆಫೀಸಿನ ಗಾಜಿನ ಕಪಾಟಿನಲ್ಲೇ ಉಳಿಯಿತು. ಯಾವ ಪೇಪರಿನವರೂ ಇನ್ನೊಮ್ಮೆ ಬರಲಿಲ್ಲ. ಬೈಠಕು ಮಾತ್ರ ಒಂದು ರವಿವಾರವೂ ತಪ್ಪಲಿಲ್ಲ.

ಜೂನ್‌ನಲ್ಲಿ ಶಾಲೆ ತೆರೆದ ದಿನ ಶಿವಕಾಂತಾ ತನ್ನ ಸಾಮಾನು ತರಲು ಅಡಿಗೆಯ ಕೋಣೆಗೆ ಹೋದಳು. ಅವಳ ಕಾಗದಕ್ಕೆ ಸಹಿ ಬಿದ್ದಿರಲಿಲ್ಲ. ಒಲೆಯ ಮುಂದೆ ಅವಳದೇ ಓಣಿಯ ಕುಸುಮಬಾಯಿ ಕೂತಿದ್ದಳು. ಇವಳನ್ನು ಕಂಡು ಗಾಬರಿಯಿಂದ ಎದ್ದು ನಿಂತಳು.

“ನಾ ಕೇಳಿಲ್ಲಕ್ಕಾ. ಅವ್ರೇ ಕರ್ದು ಹೇಳ್ಯಾರ. ಮನ್ಯಾಗ...”

“ಇರ್ಲಿ.”

ದೊಡ್ಡ ಪಾತೇಲೆಯಲ್ಲಿ ಅಕ್ಕಿ, ಬೇಳೆ ಕೊತಕೊತ ಕುದಿಯುತ್ತಿದ್ದವು. ಹೊರಗೆ ಪ್ರಾರ್ಥನೆ ಮುಗಿದು ಮಕ್ಕಳ ಗದ್ದಲ ಏಳುತ್ತಿತ್ತು. ಶಿವಕಾಂತಾ ತನ್ನ ಇಳಿಗೆ, ಹಳೆಯ ಅರಿವೆ, ಹಿತ್ತಾಳೆಯ ತಂಬಿಗೆ ಕಟ್ಟಿಕೊಂಡು ಬಾಗಿಲವರೆಗೆ ಬಂದಳು.

“ಅಕ್ಕಾ,” ಕುಸುಮಬಾಯಿ ಸಣ್ಣ ದನಿಯಲ್ಲಿ ಕರೆದಳು. “ಇಷ್ಟ್ ಮಂದೀಗಿ ಉಪ್ಪು ಎಷ್ಟ್ ಹಾಕ್ಲಿ?”

ಶಿವಕಾಂತಾ ಗಂಟನ್ನು ಹೊಸ್ತಿಲ ಮೇಲಿಟ್ಟಳು. ಒಳಗೆ ಬಂದು ಉಪ್ಪಿನ ಡಬ್ಬಿಗೆ ಕೈ ಹಾಕಿ ಮುಷ್ಟಿ ತುಂಬ ತೆಗೆದಳು. ಮುಷ್ಟಿಯನ್ನು ಕುಸುಮಬಾಯಿಗೆ ತೋರಿಸಿ, ಪಾತೇಲೆಯ ಸುತ್ತ ಕೈ ತಿರುಗಿಸುತ್ತ ಉದುರಿಸಿದಳು.

“ಇಂಥವು ನಾಕು,” ಅಂದಳು. “ನಾಕನೇದು ರುಚಿ ನೋಡಿ ಹಾಕು.”