ಹದಿನೇಳನೇ ಸಾಲಿನ ಎರಡು ಸೀಟು

ವೆಲ್ಬಿ ಕಾಲೇಜಿನ ದೇಣಿಗೆ ವಿಭಾಗದ ಹುಡುಗಿ ಅದೇ ಮಾತನ್ನು ಎರಡನೇ ಸಲ ಹೇಳುವಾಗ ಎಮಿಲ್ ಕುಬಿಚೆಕ್ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದ. ಕ್ರೀಡಾಂಗಣದ ಹದಿನೇಳನೇ ಸಾಲಿನಲ್ಲಿ ಅವನ ಪಕ್ಕದ ಸೀಟು ಈ ವರ್ಷ ತೆರವಾಗುತ್ತಿದೆ, ಬೇಕಿದ್ದರೆ ಮೊದಲ ಹಕ್ಕು ಅವನದೇ ಎಂದು ಅವಳು ಹೇಳುತ್ತಿದ್ದಳು. ಇನ್ನೂ ಒಳ್ಳೆಯ ಸುದ್ದಿಯೂ ಇತ್ತು. ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಮೂವತ್ತೊಂದು ವರ್ಷ ತಪ್ಪದೆ ದೇಣಿಗೆ ಕೊಡುತ್ತ ಬಂದವನಾದ್ದರಿಂದ ಅವನು ಮೈದಾನದ ನಡುಗೆರೆಯ ಎದುರಿಗೆ, ಮಾಡಿನ ಕೆಳಗೆ, ಬೆನ್ನಾನಿಸುವ ಕುರ್ಚಿಗೇ ಹೋಗಬಹುದಿತ್ತು.

"ನಂಗೆ ಹಳೇದೇ ಸಾಕಮ್ಮ," ಎಂದ ಎಮಿಲ್. "ಪಕ್ಕದ್ದು ಯಾಕೆ ಖಾಲಿ ಆಯ್ತು?"

ಆ ದಾನಿ ಈ ಸಲ ಹಣ ಕಳಿಸಿಲ್ಲ, ಎರಡು ಪತ್ರಕ್ಕೂ ಉತ್ತರವಿಲ್ಲ, ಶುಕ್ರವಾರದವರೆಗೆ ಕಾದು ಬೇರೆಯವರಿಗೆ ಕೊಡುತ್ತೇವೆ ಎಂದಳು. ಆ ದಾನಿ ಇವನ ತಮ್ಮ ಲ್ಯಾಡಿ ಎಂದು ಅವಳಿಗೆ ಹೊಳೆದಿರಲಿಲ್ಲ. ನೆಬ್ರಾಸ್ಕಾದ ಆ ಭಾಗದಲ್ಲಿ ಕುಬಿಚೆಕ್‌ಗಳಿಗೆ ಬರವಿಲ್ಲ. ಕೊನೆಗೆ ಅವಳು, ಕೈಪಿಡಿಯಲ್ಲಿ ಹಾಕಬೇಕು, ನೀವು ಯಾಕೆ ಕೊಡುತ್ತೀರಿ ಎಂದು ಒಂದು ಸಾಲು ಹೇಳಿ ಎಂದು ಕೇಳಿಕೊಂಡಳು.

ಎಮಿಲ್ ಸ್ವಲ್ಪ ಯೋಚಿಸಿದ. "ಕೂತ್ಕೊಳೋಕೆ," ಎಂದ.

ವೆಲ್ಬಿ ಕಾಲೇಜಿನ ಮೆಟ್ಟಿಲನ್ನು ಎಮಿಲ್ ವಿದ್ಯಾರ್ಥಿಯಾಗಿ ಹತ್ತಿದವನಲ್ಲ. ಮಾಂಸದಂಗಡಿಯ ಆದಾಯದಲ್ಲಿ ಅಪ್ಪನಿಗೆ ಒಬ್ಬನನ್ನು ಓದಿಸಲು ಮಾತ್ರ ಸಾಧ್ಯವಿತ್ತು. ಲ್ಯಾಡಿ ಓದಿದ, ಎಮಿಲ್ ಕತ್ತಿ ಹಿಡಿದ. ಶನಿವಾರದ ಆಟ ಮಾತ್ರ ಇಬ್ಬರಿಗೂ ಸೇರಿದ್ದಾಗಿತ್ತು. ಹನ್ನೊಂದು ವರ್ಷದ ಹಿಂದೆ ಎಮಿಲ್ ತಮ್ಮನಿಗೆ ಒಂದು ಮಾತೂ ಹೇಳದೆ ಅಪ್ಪನ ಅಂಗಡಿ ಮಾರಿದ. ಲ್ಯಾಡಿಗೆ ಸುದ್ದಿ ತಿಳಿದದ್ದು ಪತ್ರಿಕೆಯಿಂದ. ಅಂದಿನಿಂದ ಚರ್ಚಿನಲ್ಲೂ ಮಾತಿಲ್ಲ, ಕ್ರಿಸ್‌ಮಸ್‌ಗೂ ಇಲ್ಲ. ಆದರೆ ಇಬ್ಬರೂ ದೇಣಿಗೆ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಸೀಟು ಹೋಗುತ್ತಿತ್ತು. ವರ್ಷಕ್ಕೆ ಆರು ಶನಿವಾರ ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದರು. "ಪಾಸ್ ಕೊಡ್ಬೇಕಿತ್ತು," ಎಂದು ಒಬ್ಬ ಅಂದರೆ ಇನ್ನೊಬ್ಬ "ಹೂಂ" ಎನ್ನುತ್ತಿದ್ದ.

ಗುರುವಾರ ಎಮಿಲ್ ತಮ್ಮನ ಮನೆಯ ಕದ ತಟ್ಟಿದ. ಲ್ಯಾಡಿಯ ಹೆಂಡತಿ ರೋಸಲಿ ಏನೂ ಕೇಳದೆ ಒಳಗೆ ಕರೆದಳು. ಕಾಲೇಜಿನ ಎರಡೂ ಪತ್ರಗಳು ಒಡೆಯದೆ ಅಡುಗೆಮನೆಯ ಮೇಜಿನ ಮೇಲೇ ಇದ್ದವು. ಲ್ಯಾಡಿ ಎದ್ದು ನಿಂತು, ಮುಖವನ್ನು ಪಕ್ಕಕ್ಕೆ ತಿರುಗಿಸಿ, ಕಣ್ಣಂಚಿನಿಂದ ಅಣ್ಣನನ್ನು ನೋಡಿದ. ಎರಡೂ ಕಣ್ಣಿನ ನೋಟದ ನಡುಭಾಗ ಹೋಗುತ್ತಿದೆಯಂತೆ. ವೈದ್ಯರು ಮಾಡುವುದನ್ನೆಲ್ಲ ಮಾಡಿದ್ದರು.

"ನಿನ್ ಮುಖ ಇರೋ ಕಡೆ ಬರೀ ಒಂದು ಬೂದು ಮಚ್ಚೆ," ಎಂದ ಲ್ಯಾಡಿ.

"ಪುಣ್ಯ ಮಾಡಿದೀಯ," ಎಂದ ಎಮಿಲ್. "ನಿನ್ ಸೀಟಿಗೂ ಕಟ್ಟಿ ಬಂದಿದೀನಿ," ಎಂದು ಸೇರಿಸಿದ.

ಲ್ಯಾಡಿಯ ಮುಖ ಗಂಟಾಯಿತು. "ನಿನ್ ಧರ್ಮ ಯಾವನಿಗೆ ಬೇಕು? ಅಂಗಡಿ ಮಾರಿದ ದುಡ್ಡಾ ಅದು?"

"ಹೂಂ, ಅದೇ. ಅದರಲ್ಲಿ ನಿಂದೂ ಇತ್ತು." ಎಮಿಲ್ ಟೋಪಿಯನ್ನು ಕೈಯಲ್ಲಿ ತಿರುವುತ್ತ ನಿಂತ. "ಕೇಳ್ಬೇಕಿತ್ತು ನಿನ್ನ. ಕೇಳಲಿಲ್ಲ."

ರೋಸಲಿ ಪ್ಲಮ್ ಹೂರಣದ ಕೊಲಾಚಿ ಬನ್ನುಗಳ ತಟ್ಟೆಯನ್ನು ಇಬ್ಬರ ನಡುವೆ ಇಟ್ಟು ಹೊರಗೆ ಹೋದಳು. ಲ್ಯಾಡಿ ಕುರ್ಚಿ ಎಳೆದು ಕೂತ.

"ಚೆಂಡೇ ಕಾಣದೋನು ಬಂದು ಏನ್ ಮಾಡ್ಲಿ?"

"ನಾನ್ ಹೇಳ್ತೀನಿ."

"ನೀನಾ? ಇಡೀ ಆಟಕ್ಕೆ ನಾಲ್ಕು ಮಾತಾಡೋನು ನೀನು."

ಸೆಪ್ಟೆಂಬರಿನ ಮೊದಲ ಆಟದ ದಿನ ಎಮಿಲ್ ತಮ್ಮನ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸಿದ. ಕೈ ಬಿಡು ಎಂದು ಲ್ಯಾಡಿ ಎರಡು ಸಲ ಗದರಿದ, ಅವನು ಬಿಡಲಿಲ್ಲ. ಆಟ ಶುರುವಾದಾಗ ಎಮಿಲ್ "ಶುರುವಾಯ್ತು" ಎಂದಷ್ಟೇ ಅಂದ. ಆಮೇಲೆ, ಅಂಗಡಿಯಲ್ಲಿ ಗಿರಾಕಿಗೆ ತುಂಡುಗಳನ್ನು ತೋರಿಸಿ ವಿವರಿಸುತ್ತಿದ್ದ ಹಾಗೆ, ಒಂದೊಂದಾಗಿ ಹೇಳತೊಡಗಿದ. ಚೆಂಡು ಹತ್ತು ಗಜ ಮುಂದೆ ಹೋಗಬೇಕು. ನಾಲ್ಕು ಸಿಕ್ಕಿತು. ಎಡಗಡೆ ಬಯಲು ಬಿದ್ದಿದೆ, ನಮ್ಮವನು ಬಲಕ್ಕೇ ಓಡುತ್ತಿದ್ದಾನೆ. "ದಡ್ಡ ಮುಂಡೇದು," ಎಂದ ಲ್ಯಾಡಿ. ತಂಡ ಸೋಲುತ್ತಿತ್ತು. ಎಮಿಲ್ ಅದನ್ನೂ ಇದ್ದಂತೆಯೇ ಹೇಳಿದ. ಮುಂದಿನ ಸಾಲಿನ ಗಂಡಹೆಂಡತಿ ಒಮ್ಮೆ ಹಿಂತಿರುಗಿ ನೋಡಿ ಮತ್ತೆ ಮೈದಾನದತ್ತ ತಿರುಗಿದರು.

ಮೂರನೇ ಸುತ್ತಿನ ಹೊತ್ತಿಗೆ ಮಾತಾಡಿ ಮಾತಾಡಿ ಎಮಿಲ್‌ನ ಗಂಟಲು ಒಣಗಿತು. ಲ್ಯಾಡಿ ಕಾಲ ಬಳಿ ತಡಕಿ ಫ್ಲಾಸ್ಕು ಎತ್ತಿಕೊಂಡ. ಲೋಟದೊಳಗೆ ಒಂದು ಬೆರಳನ್ನು ಇಳಿಬಿಟ್ಟು, ಬಿಸಿ ಕಾಫಿ ಬೆರಳ ತುದಿಗೆ ತಾಕುವ ತನಕ ನಿಧಾನವಾಗಿ ಸುರಿದ. ಬೆರಳನ್ನು ಅಂಗಿಗೆ ಒರೆಸಿಕೊಂಡು, ಮುಖವನ್ನು ಬೇರೆತ್ತ ತಿರುಗಿಸಿ, ಲೋಟವನ್ನು ಅಣ್ಣನ ಕಡೆಗೆ ಚಾಚಿ ಹಿಡಿದ.